ಇಸುಬಿನ ಆರೈಕೆ ಬಚ್ಚಲಿನಿಂದಲೇ ಆರಂಭವಾಗಲಿ

ಇಸುಬು, ಅಂದರೆ ವೈದ್ಯರು ಎಕ್ಸಿಮಾ ಎಂದು ಬರೆಯುವ ಕಾಯಿಲೆ, ಒಬ್ಬರಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ. ನಾಲ್ಕು ದಿನ ಮುಲಾಮು ಹಚ್ಚಿದ ಮಾತ್ರಕ್ಕೆ ಬಿಟ್ಟುಹೋಗುವುದೂ ಇಲ್ಲ. ಚರ್ಮದ ಹೊರಪದರ ತನ್ನ ತೇವವನ್ನು ಹಿಡಿದಿಟ್ಟುಕೊಳ್ಳಲಾರದೆ ಒಣಗಿ ಬಿರಿದಾಗ, ಆ ಸಂದಿಯಿಂದ ಸೋಪು, ಬೆವರು, ದೂಳು ಒಳಗಿಳಿದು ಉರಿಯನ್ನೂ ತುರಿಕೆಯನ್ನೂ ಎಬ್ಬಿಸುತ್ತವೆ. ಆದ್ದರಿಂದ ಔಷಧದ ಅಂಗಡಿಗಿಂತ ಮೊದಲು ಬಚ್ಚಲುಮನೆಯ ಕಡೆ ನೋಡಬೇಕು.

ಶಿರಸಿ, ಸಿದ್ದಾಪುರದ ಕಡೆ ಬಚ್ಚಲೊಲೆಗೆ ಅಡಿಕೆ ಸಿಪ್ಪೆ ಒಟ್ಟಿ, ಹಂಡೆಯ ನೀರನ್ನು ಮರಳಿಸಿ, ಮೈ ಕೆಂಪೇರುವವರೆಗೆ ಹೊಯ್ದುಕೊಂಡರೇ ಸ್ನಾನವಾದಂತೆ. ತುರಿಸುವ ಜಾಗಕ್ಕೆ ಸುಡುನೀರು ಬಿದ್ದಾಗ ಹಾಯೆನಿಸುವುದು ನಿಜ. ಆದರೆ ಅದೇ ನೀರು ಚರ್ಮದ ಸಹಜ ಜಿಡ್ಡನ್ನು ತೊಳೆದುಬಿಡುವುದರಿಂದ, ಮೈ ಒರೆಸಿಕೊಂಡು ಜಗಲಿಗೆ ಬರುವಷ್ಟರಲ್ಲಿ ತುರಿಕೆ ಇನ್ನಷ್ಟು ಜೋರಾಗಿರುತ್ತದೆ. ನೀರು ಉಗುರುಬೆಚ್ಚಗಿರಲಿ, ಸ್ನಾನ 5ರಿಂದ 10 ನಿಮಿಷದೊಳಗೆ ಮುಗಿಯಲಿ. ಪರಿಮಳವಿಲ್ಲದ ಮೃದು ಸೋಪನ್ನು ಕಂಕುಳು, ತೊಡೆಸಂದಿ, ಪಾದಗಳಿಗೆ ಮಾತ್ರ ಬಳಸಿದರೆ ಸಾಕು. ಅಂಟುವಾಳದಿಂದ ತಿಕ್ಕುವುದೂ ಬೇಡ. ಟವೆಲನ್ನು ಉಜ್ಜದೆ ಒತ್ತಿ ನೀರು ಹೀರಿಸಿ, ಮೈ ಇನ್ನೂ ಹಸಿಯಿರುವಾಗಲೇ, ಸುಮಾರು 3 ನಿಮಿಷದೊಳಗೆ, ತೇವ ಕಾಪಾಡುವ ಕ್ರೀಮನ್ನು ಧಾರಾಳವಾಗಿ ಹಚ್ಚಬೇಕು. ಈ ಒಂದು ಅಭ್ಯಾಸವನ್ನು ದಿನಕ್ಕೆ ಎರಡು ಬಾರಿ ತಪ್ಪದೆ ಪಾಲಿಸುವುದು, ನನ್ನ ಅಭಿಪ್ರಾಯದಲ್ಲಿ, ಉಳಿದೆಲ್ಲ ಉಪಾಯಗಳಿಗಿಂತ ಹೆಚ್ಚಿನದು. ಘಟ್ಟದ ಮೇಲಿನ ಚಳಿಗೆ ಪೆಟ್ರೋಲಿಯಂ ಜೆಲ್ಲಿ ಒಳ್ಳೆಯದು. ಕಾರವಾರದ ಸೆಕೆಯಲ್ಲಿ ಅದು ಬೆವರನ್ನು ಕಟ್ಟಿಹಾಕುವುದರಿಂದ ಹಗಲು ಹಗುರವಾದ ಕ್ರೀಮು ಸಾಕು. ಕರ್ಪೂರ, ಸುಗಂಧ ಬೆರೆಸದ ಶುದ್ಧ ಕೊಬ್ಬರಿ ಎಣ್ಣೆಯೂ ಅನೇಕರಿಗೆ ಹಿಡಿಸುತ್ತದೆ.

ಕರಾವಳಿಯಲ್ಲಿ ಬೆವರೇ ದೊಡ್ಡ ಶತ್ರು. ಬೆವರಿದ ಕೂಡಲೇ ತಣ್ಣೀರಿನಿಂದ ತೊಳೆದು ಹತ್ತಿಬಟ್ಟೆ ಬದಲಿಸಬೇಕು. ಸಮುದ್ರಕ್ಕಿಳಿದರೆ ಉಪ್ಪು ಮೈಮೇಲೆ ಒಣಗುವ ಮೊದಲೇ ಸಿಹಿನೀರು ಹೊಯ್ದುಕೊಳ್ಳಬೇಕು. ಮೀನು ಕೊಯ್ಯುವವರು, ಸೀಗಡಿ ಸುಲಿಯುವವರು ಹತ್ತಿಯ ಕೈಗವಸಿನ ಮೇಲೆ ರಬ್ಬರಿನದನ್ನು ಹಾಕಿಕೊಳ್ಳುವುದು ಲೇಸು. ಗೇರುಬೀಜದ ಸಿಪ್ಪೆಯ ಎಣ್ಣೆ, ಹೊಲಗೇರು ಮರದ ಸೊನೆ ಒಳ್ಳೆಯ ಚರ್ಮವನ್ನೇ ಬೊಕ್ಕೆ ಏಳಿಸುವಂಥವು; ಇಸುಬು ಇರುವವರು ಅವುಗಳಿಂದ ದೂರವಿರಬೇಕು.

ಮಳೆಗಾಲದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಅರೆಬರೆ ಒಣಗಿದ ಬಟ್ಟೆ ತೊಟ್ಟು ತೊಡೆಸಂದಿಯಲ್ಲಿ ಬಳೆಯಾಕಾರದ, ಅಂಚು ಕೆಂಪಾಗಿ ಹರಡುವ ಕಲೆ ಎದ್ದರೆ ಅದು ಇಸುಬಲ್ಲ, ಶಿಲೀಂಧ್ರದಿಂದ ಬರುವ ಹುಳಕಡ್ಡಿಯಿರಬಹುದು. ಅಂಗಡಿಯವರು ಕೊಡುವ ಸ್ಟೀರಾಯ್ಡ್ (ಉರಿಯೂತ ತಗ್ಗಿಸುವ ಔಷಧ) ಬೆರೆತ ಮುಲಾಮು ಅದರ ಕೆಂಪನ್ನು ಕೆಲದಿನ ಅಡಗಿಸಿ, ಶಿಲೀಂಧ್ರವನ್ನು ಒಳಗೊಳಗೇ ಬೆಳೆಸುತ್ತದೆ. ಇಸುಬಿಗೆ ವೈದ್ಯರೇ ಸ್ಟೀರಾಯ್ಡ್ ಬರೆದುಕೊಟ್ಟಿದ್ದರೆ ಹೆದರಿ ಬಿಡಬೇಕಾಗಿಲ್ಲ: ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ, ಅದು ದೊಡ್ಡವರ, ಬೆರಳುಗಳೂ ಸೇರಿದ, ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಮುಖಕ್ಕೂ ಚರ್ಮದ ಮಡಿಕೆಗಳಿಗೂ ಅವರು ಹೇಳಿದ್ದನ್ನಷ್ಟೇ, ಹೇಳಿದಷ್ಟು ದಿನ ಮಾತ್ರ ಹಚ್ಚಬೇಕು.

ಗಾಯದಿಂದ ಕೀವು ಸೋರಿದರೆ, ಹಳದಿ ಹಕ್ಕಳೆ ಕಟ್ಟಿದರೆ, ಜ್ವರ ಬಂದರೆ ಅಥವಾ ನೋವಿನ ಸಣ್ಣ ಗುಳ್ಳೆಗಳು ಒಮ್ಮೆಲೇ ಹರಡಿದರೆ ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು. ಹೋಗುವಾಗ ಇದುವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾದವನ್ನೂ ಸೇರಿಸಿ, ಒಂದು ಚೀಲದಲ್ಲಿ ಕೊಂಡೊಯ್ಯಬೇಕು.