ಗೋಡೆ, ಬಾಗಿಲು, ಟವಲು ಸಾಕು: ಅಲುಗಾಡದೆ ಬಲ ಬೆಳೆಸುವುದು ಹೇಗೆ?

ತುಂಬಿದ ಬಿಂದಿಗೆಯನ್ನು ಸೊಂಟದ ಮೇಲಿಟ್ಟುಕೊಂಡು ನಲ್ಲಿಯ ಹತ್ತಿರ ಮಾತಿಗೆ ನಿಂತವರನ್ನು ನೋಡಿದ್ದೀರಿ ಅಲ್ವಾ? ಕೈ ಕದಲುವುದಿಲ್ಲ, ಸೊಂಟ ಕದಲುವುದಿಲ್ಲ. ಆದರೂ ಐದು ನಿಮಿಷ ಆಗುವಷ್ಟರಲ್ಲಿ ತೋಳು ಸೋತುಹೋಗುತ್ತದೆ. ಅಷ್ಟೂ ಹೊತ್ತು ಒಳಗೆ ಸ್ನಾಯುಗಳು ಒಂದೇ ಸಮ ದುಡಿಯುತ್ತಿರುತ್ತವೆ. ಹೀಗೆ ಕೀಲು ಮಡಚದೆ, ಬಿಚ್ಚದೆ, ಸ್ನಾಯುವನ್ನು ಮಾತ್ರ ಬಿಗಿ ಹಿಡಿದು ಮಾಡುವುದೇ ಐಸೋಮೆಟ್ರಿಕ್ ವ್ಯಾಯಾಮ.

ಇದಕ್ಕೆ ಡಂಬಲ್ಸ್ ಬೇಡ, ಜಿಮ್ ಫೀಸು ಬೇಡ, ಶೂ ಕೂಡ ಬೇಡ. ಮಹಡಿ ಮನೆಯಲ್ಲಿ ಸ್ಕಿಪ್ಪಿಂಗ್ ಆಡಿದರೆ ಕೆಳಗಿನ ಮನೆಯವರಿಗೆ ತೊಂದರೆ. ಇದರಲ್ಲಿ ಸದ್ದೇ ಇಲ್ಲ. ಬಸ್ಕಿ ಹೊಡೆಯಲು ಮಂಡಿ ಒಪ್ಪದವರೂ ಇದನ್ನು ಶುರು ಮಾಡಬಹುದು.

ನಾನು ಇದನ್ನು ಕಲಿತದ್ದು ಅಮ್ಮನಿಂದ. ಅವಳಿಗೆ ಮಂಡಿ ನೋವು ಬಂದಾಗ ಫಿಸಿಯೋಥೆರಪಿಸ್ಟ್ ಮೊದಲು ಹೇಳಿಕೊಟ್ಟ ವ್ಯಾಯಾಮ ತುಂಬಾ ಸಣ್ಣದು. ದಿವಾನದ ಮೇಲೆ ಕಾಲು ಚಾಚಿ ಕೂರಬೇಕು. ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವಲು ಇಟ್ಟು ಅದನ್ನು ಕೆಳಕ್ಕೆ ಅದುಮಬೇಕು. ಅಷ್ಟೇ. ‘ಇದೇನು ವ್ಯಾಯಾಮ, ಸುಮ್ನೆ ಕೂತ ಹಾಗಿದೆ’ ಅಂದಳು ಅಮ್ಮ. ಅವರು ಅವಳ ಅಂಗೈಯನ್ನೇ ತೆಗೆದು ಮಂಡಿಯ ಮೇಲ್ಗಡೆ, ತೊಡೆಯ ಮೇಲೆ ಇಡಿಸಿದರು. ಅದುಮಿದಾಗ ಅಲ್ಲಿನ ಸ್ನಾಯು ತೆಂಗಿನ ಚಿಪ್ಪಿನ ಹಾಗೆ ಗಟ್ಟಿಯಾಯಿತು. ಬಿಟ್ಟಾಗ ಮೆತ್ತಗಾಯಿತು. ಅಮ್ಮ ಮತ್ತೆ ಅದುಮಿದಳು, ಮತ್ತೆ ಮುಟ್ಟಿ ನೋಡಿದಳು.

ಒಂದೇ ತೊಂದರೆ ಇತ್ತು. ಅದುಮುವಾಗ ಉಸಿರು ಕಟ್ಟಿ ಮುಖ ಕೆಂಪಾಗುತ್ತಿತ್ತು. ‘ಬಾಯಿಬಿಟ್ಟು ಎಣಿಸಿ, ಉಸಿರು ತಾನಾಗಿ ಆಡುತ್ತೆ’ ಅಂದರು ಅವರು. ಬರೀ ಅಂಕಿ ಹೇಳಲು ಬೇಜಾರಾಗಿ ಅಮ್ಮ ಮಗ್ಗಿ ಹಿಡಿದಳು. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು. ಅವಳ ನಿಧಾನದಲ್ಲಿ ಎರಡರ ಮಗ್ಗಿ ಮುಗಿಯಲು ಸುಮಾರು 20 ಸೆಕೆಂಡ್ ಹಿಡಿಯುತ್ತದೆ. ಅವತ್ತಿನಿಂದ ನಮ್ಮ ಮನೆಯ ಗಡಿಯಾರ ಅದೇ. ಈ ಲೇಖನದಲ್ಲೂ ‘ಒಂದು ಮಗ್ಗಿ’ ಅಂದರೆ 20 ಸೆಕೆಂಡ್ ಅಂತ ತಿಳಿಯಿರಿ. ನಿಮ್ಮ ಮಗ್ಗಿ ಎಷ್ಟು ಹೊತ್ತಿನದು ಅಂತ ಒಮ್ಮೆ ಮೊಬೈಲ್ ಇಟ್ಟು ನೋಡಿಕೊಳ್ಳಿ.

ಕದಲದೆ ಬಲ ಬರುವುದು ಹೇಗೆ?

ಪ್ರತಿ ಸ್ನಾಯುವಿನಲ್ಲೂ ಸಾವಿರಾರು ಎಳೆಗಳಿವೆ. ಮಾಮೂಲಿ ಕೆಲಸಕ್ಕೆ ಮಿದುಳು ಅವುಗಳಲ್ಲಿ ಕೆಲವನ್ನಷ್ಟೇ ಕರೆಯುತ್ತದೆ. ನೀವು ಗೋಡೆಯನ್ನು ಜೋರಾಗಿ ತಳ್ಳಿದಾಗ ಅವು ಸಾಲದೆ ಇನ್ನಷ್ಟು ಎಳೆಗಳನ್ನು ಕೆಲಸಕ್ಕೆ ಎಳೆದುಕೊಳ್ಳುತ್ತದೆ. ವಾರಗಟ್ಟಲೆ ಹೀಗೆ ಮಾಡಿದರೆ ಆ ಕರೆ ಬೇಗ ಮುಟ್ಟುತ್ತದೆ, ಜಾಸ್ತಿ ಎಳೆಗಳಿಗೆ ಮುಟ್ಟುತ್ತದೆ. ಮೊದಲ ಕೆಲವು ವಾರಗಳಲ್ಲಿ ಬರುವ ಬಲ ಹೆಚ್ಚಾಗಿ ಇದರದ್ದೇ. ಸ್ನಾಯು ದಪ್ಪವಾಗುವುದು ನಿಧಾನಕ್ಕೆ, ಆಮೇಲೆ.

1953ರಲ್ಲಿ ಜರ್ಮನಿಯ ಹೆಟಿಂಗರ್ ಮತ್ತು ಮುಲ್ಲರ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಲೆಕ್ಕ ಕೊಟ್ಟರು. ಪೂರ್ತಿ ಬಲದ ಮೂರನೇ ಎರಡು ಭಾಗ ಹಾಕಿ ದಿನಕ್ಕೆ ಒಮ್ಮೆ 6 ಸೆಕೆಂಡ್ ಬಿಗಿ ಹಿಡಿದರೆ ವಾರಕ್ಕೆ ಸುಮಾರು ಶೇ 5ರಷ್ಟು ಬಲ ಹೆಚ್ಚುತ್ತದೆ ಅಂತ. ಆಮೇಲೆ ನಡೆದ ಅಧ್ಯಯನಗಳಲ್ಲಿ ಅಷ್ಟು ವೇಗ ಕಾಣಲಿಲ್ಲ. ಹಾಗಾಗಿ 6 ಸೆಕೆಂಡಿನ ಆಸೆ ಬೇಡ. ಆದರೆ ಅವರ ಕೆಲಸದಲ್ಲಿದ್ದ ಒಂದು ಮಾತು ಇವತ್ತಿಗೂ ನಿಂತಿದೆ. ಬಲ ಬೇಕಾದರೆ ಹೊತ್ತಿಗಿಂತ ಒತ್ತು ಮುಖ್ಯ. ಐದು ನಿಮಿಷ ಸುಮ್ನೆ ಗೋಡೆಗೆ ಕೈ ಆನಿಸಿ ನಿಂತರೆ ಏನೂ ಆಗುವುದಿಲ್ಲ. ಹತ್ತು ಸೆಕೆಂಡ್ ಮನಸ್ಸಿಟ್ಟು ತಳ್ಳಿದರೆ ಆಗುತ್ತದೆ.

ಶುರು ಮಾಡುವ ಮುಂಚೆ

ಬಿಗಿ ಹಿಡಿದಷ್ಟು ಹೊತ್ತು ರಕ್ತದೊತ್ತಡ ಏರುತ್ತದೆ. ಉಸಿರು ಕಟ್ಟಿದರೆ ಇನ್ನೂ ಜಾಸ್ತಿ ಏರುತ್ತದೆ. ಆದ್ದರಿಂದ ಬಿಪಿ ಹಿಡಿತಕ್ಕೆ ಬಾರದವರು, ಹೃದಯದ ತೊಂದರೆ, ಹರ್ನಿಯಾ, ಗ್ಲಾಕೋಮಾ ಇರುವವರು, ಸಕ್ಕರೆ ಕಾಯಿಲೆಯಿಂದ ಕಣ್ಣಿಗೆ ಪೆಟ್ಟಾದವರು, ಗರ್ಭಿಣಿಯರು, ಇತ್ತೀಚೆಗೆ ಆಪರೇಷನ್ ಆದವರು ಮೊದಲು ತಮ್ಮ ಡಾಕ್ಟರನ್ನು ಕೇಳಲೇಬೇಕು. ಇದರಲ್ಲಿ ಸಂಕೋಚ ಬೇಡ.

ಮಿಕ್ಕವರು ಮನೆಯೊಳಗೇ ನಾಲ್ಕು ನಿಮಿಷ ಚುರುಕಾಗಿ ಓಡಾಡಿ. ಭುಜ ತಿರುಗಿಸಿ, ಮಂಡಿ ಮಡಚಿ ಬಿಡಿಸಿ, ಮೈ ಬೆಚ್ಚಗಾಗಲಿ. ಟೈಲ್ಸ್ ನೆಲವಾದರೆ ಬರಿಗಾಲಲ್ಲಿ ಮಾಡಿ. ಸಾಕ್ಸ್ ಜಾರುತ್ತದೆ.

ಒತ್ತು ಎಷ್ಟಿರಬೇಕು? ಪೂರ್ತಿ ಬಲವನ್ನು ಹತ್ತು ಆಣೆ ಅಂದುಕೊಂಡರೆ, ಮೊದಲ ವಾರ ಐದಾರು ಆಣೆ ಸಾಕು. ಮೂರನೇ ವಾರದಿಂದ ಏಳೆಂಟಕ್ಕೆ ಹೋಗಿ. ಧಡಕ್ಕನೆ ಒತ್ತಬೇಡಿ. ಎರಡು ಮೂರು ಸೆಕೆಂಡ್ ತಗೊಂಡು ಬಲ ಏರಿಸಿ, ಹಿಡಿದು ನಿಲ್ಲಿ, ಹಾಗೇ ನಿಧಾನವಾಗಿ ಇಳಿಸಿ. ಮಗ್ಗಿ ಹೇಳುವ ದನಿ ತಡವರಿಸಿದರೆ ಒತ್ತು ಜಾಸ್ತಿಯಾಯಿತು ಅಂತ ಅರ್ಥ. ಆಗ ಒಂದು ಆಣೆ ಇಳಿಸಿ.

1. ಗೋಡೆ ಕುರ್ಚಿ

ಹೋಂವರ್ಕ್ ಮಾಡದವರಿಗೆ ಶಾಲೆಯಲ್ಲಿ ‘ಕುರ್ಚಿ ಕೂರಿಸುವ’ ಶಿಕ್ಷೆ ಇತ್ತಲ್ಲ, ಅದೇ ಇದು. ಆದರೆ ಇಲ್ಲಿ ಬೆನ್ನಿಗೆ ಆಸರೆ ಇದೆ. ಒಂದೇ ವ್ಯಾಯಾಮಕ್ಕೆ ಸಮಯ ಇದೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಪಾದಗಳನ್ನು ಗೋಡೆಯಿಂದ ಒಂದೂವರೆ ಅಡಿಯಷ್ಟು ಮುಂದಿಡಿ. ಎರಡು ಪಾದಗಳ ನಡುವೆ ಸೊಂಟದಗಲ ಜಾಗವಿರಲಿ. ಬೆನ್ನು ಜಾರಿಸುತ್ತಾ ಕೆಳಗಿಳಿಯಿರಿ. ಮೊದಲ ದಿನವೇ ತೊಡೆ ನೆಲಕ್ಕೆ ಸಮನಾಗುವಷ್ಟು ಇಳಿಯಬೇಡಿ. ಎತ್ತರದ ಸ್ಟೂಲಿನ ಮೇಲೆ ಕೂತಷ್ಟು ಇಳಿದರೆ ಸಾಕು. ಈಗ ಕೆಳಗೆ ನೋಡಿ. ಮಂಡಿ ಹಿಮ್ಮಡಿಯ ನೇರಕ್ಕೆ ಇರಬೇಕು. ಕಾಲ್ಬೆರಳು ದಾಟಿ ಮುಂದೆ ಬಂದಿದ್ದರೆ ಪಾದವನ್ನು ಇನ್ನಷ್ಟು ಮುಂದಿಡಿ. ಮಂಡಿಗಳು ಒಳಕ್ಕೆ ವಾಲಿ ಒಂದಕ್ಕೊಂದು ಹತ್ತಿರವಾಗಬಾರದು. ಭಾರ ಹಿಮ್ಮಡಿಯ ಮೇಲಿರಲಿ. ಕೈಗಳನ್ನು ತೊಡೆಗೆ ಊರಬೇಡಿ. ಊರಿದರೆ ತೊಡೆಯ ಕೆಲಸವನ್ನು ಕೈ ಕದಿಯುತ್ತದೆ.

ಒಂದು ಮಗ್ಗಿ ಹಿಡಿಯಿರಿ. ತೊಡೆ ಮೊದಲು ಬೆಚ್ಚಗಾಗುತ್ತದೆ, ಆಮೇಲೆ ಉರಿಯುತ್ತದೆ, ಕೊನೆಗೆ ಸಣ್ಣಗೆ ನಡುಗುತ್ತದೆ. ಇದು ಸರಿಯಾದ ಲಕ್ಷಣ. ಆದರೆ ಮಂಡಿ ಚಿಪ್ಪಿನ ಹತ್ತಿರ ಚುಚ್ಚಿದ ಹಾಗಾದರೆ ಮೇಲಕ್ಕೆ ಸರಿಯಿರಿ. ಅಲ್ಲೂ ನೋವಿದ್ದರೆ ಅವತ್ತಿಗೆ ಬಿಡಿ. ಏಳುವಾಗ ಕೈಗಳಿಂದ ಗೋಡೆ ಒತ್ತಿಕೊಂಡು ಎದ್ದರೆ ಸುಲಭ. ಒಂದು ನಿಮಿಷ ಓಡಾಡಿ, ಮತ್ತೆ ಕೂರಿ. ಹೀಗೆ ಮೂರು ಸಲ.

ಬಿಪಿ ಬಗ್ಗೆ ಯೋಚನೆ ಇರುವವರಿಗೆ ಇದರಲ್ಲಿ ಇನ್ನೊಂದು ಒಳ್ಳೆಯ ಸುದ್ದಿ ಇದೆ. 270 ಪ್ರಯೋಗಗಳನ್ನು, ಅವುಗಳಲ್ಲಿದ್ದ 15,827 ಜನರ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಶ್ಲೇಷಣೆ 2023ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ವಿಶ್ರಾಂತಿಯಲ್ಲಿದ್ದಾಗಿನ ಬಿಪಿ ಇಳಿಸುವುದರಲ್ಲಿ ವಾಕಿಂಗ್, ಓಟ, ಭಾರ ಎತ್ತುವುದು ಎಲ್ಲಕ್ಕಿಂತ ಐಸೋಮೆಟ್ರಿಕ್ ಮುಂದಿತ್ತು. ಮೇಲಿನ ಅಂಕಿ ಸರಾಸರಿ 8ರಷ್ಟು, ಕೆಳಗಿನದು 4ರಷ್ಟು ಇಳಿದಿತ್ತು. ಅದರಲ್ಲೂ ಮೇಲಿನ ಅಂಕಿ ಇಳಿಸಲು ಗೋಡೆ ಕುರ್ಚಿಯೇ ಮೊದಲು. ಇಂಥ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಮಾಡಿಸುವುದು 2 ನಿಮಿಷದಂತೆ ನಾಲ್ಕು ಸಲ, ವಾರಕ್ಕೆ ಮೂರು ದಿನ. ನಡುವೆ 2 ನಿಮಿಷ ದಣಿವಾರಿಸಿಕೊಂಡರೂ ಒಟ್ಟು 14 ನಿಮಿಷದ ಕೆಲಸ. 2 ನಿಮಿಷ ಹಿಡಿಯಬೇಕಾದ್ದರಿಂದ ಇಲ್ಲಿ ಜಾಸ್ತಿ ಕೆಳಗಿಳಿಯಬಾರದು. ಹಾಗಂತ ಮಾತ್ರೆ ಮಾತ್ರ ನಿಲ್ಲಿಸಬೇಡಿ. ಅದನ್ನು ತೀರ್ಮಾನ ಮಾಡಬೇಕಾದವರು ನಿಮ್ಮ ಡಾಕ್ಟರು.

ಯೋಗ ಮಾಡುವವರಿಗೆ ಇದು ಹೊಸದಲ್ಲ. ಗೋಡೆ ಬಿಟ್ಟರೆ ಹೆಚ್ಚುಕಡಿಮೆ ಇದು ಉತ್ಕಟಾಸನವೇ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರ ಪದ್ಧತಿಯಲ್ಲಿ ಆಸನವನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸುತ್ತಾರೆ. ಗೋಡೆ, ಕುರ್ಚಿ, ಬೆಲ್ಟನ್ನು ಆಸರೆಯಾಗಿ ಬಳಸುತ್ತಾರೆ. ಆ ತರಗತಿಗಳಿಗೆ ಹೋದವರಿಗೆ ಈ ನಡುಕದ ಪರಿಚಯ ಚೆನ್ನಾಗಿರುತ್ತದೆ.

2. ಟವಲು ಎಳೆತ

ಉಪಕರಣ ಇಲ್ಲದೆ ಎದೆ, ತೊಡೆಗೆ ವ್ಯಾಯಾಮ ಸುಲಭ. ಬೆನ್ನಿಗೆ ಕಷ್ಟ. ಕಂಪ್ಯೂಟರ್ ಮುಂದೆ ಬಗ್ಗಿ ಕೂರುವವರಿಗೆ ಬೇಕಾಗಿರುವುದೇ ಬೆನ್ನಿನ ಬಲ. ಟವಲು ಈ ಕೊರತೆ ತುಂಬುತ್ತದೆ.

ಗಟ್ಟಿಯಾದ, ಉದ್ದದ ಟವಲು ತಗೊಳ್ಳಿ. ಸವೆದು ತೆಳ್ಳಗಾದದ್ದು ಬೇಡ, ಎಳೆಯುವಾಗ ಹರಿದರೆ ಹಿಂದಕ್ಕೆ ಬೀಳುತ್ತೀರಿ. ನೆಲದ ಮೇಲೆ ಕೂತು, ಮಂಡಿ ಸ್ವಲ್ಪ ಮಡಚಿ, ಟವಲಿನ ನಡುಭಾಗವನ್ನು ಅಂಗಾಲಿಗೆ ಹಾಕಿ ಎರಡು ತುದಿ ಹಿಡಿಯಿರಿ. ಬೆನ್ನು ನೆಟ್ಟಗಿರಲಿ. ಭುಜವನ್ನು ಕಿವಿಯಿಂದ ಕೆಳಕ್ಕೆ ಇಳಿಸಿ, ಮೊಣಕೈಯನ್ನು ಹಿಂದಕ್ಕೆ ಎಳೆಯಿರಿ. ಕಾಲು ಬಿಟ್ಟುಕೊಡಬಾರದು, ಕೈಯೂ ಬಿಟ್ಟುಕೊಡಬಾರದು. ಟವಲು ವೀಣೆಯ ತಂತಿಯ ಹಾಗೆ ಬಿಗಿಯಾಗಿರಬೇಕು. ಎರಡು ರೆಕ್ಕೆ ಮೂಳೆಗಳ ನಡುವೆ ಹಿಂಡಿದ ಹಾಗೆ ಅನಿಸಿದರೆ ಸರಿಯಾದ ಜಾಗಕ್ಕೆ ಬಲ ಬಿದ್ದಿದೆ.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಕೀಲನ್ನು ಯಾವ ಕೋನದಲ್ಲಿ ಹಿಡಿಯುತ್ತೀರೋ, ಬಲ ಹೆಚ್ಚಾಗಿ ಆ ಕೋನದ ಆಸುಪಾಸಿನಲ್ಲೇ ಬೆಳೆಯುತ್ತದೆ. ಒಂದೇ ಕೋನದಲ್ಲಿ ತಿಂಗಳುಗಟ್ಟಲೆ ಎಳೆದರೆ ಅಲ್ಲಿ ಗಟ್ಟಿ, ಉಳಿದ ಕಡೆ ಮಾಮೂಲಿ. ಅದಕ್ಕೇ ಟವಲಿನ ಹಿಡಿತವನ್ನು ಸರಿಸುತ್ತಾ ಮೂರು ಕಡೆ ಮಾಡಿ. ಕೈ ಬಹುತೇಕ ನೇರವಿದ್ದಾಗ ಅರ್ಧ ಮಗ್ಗಿ, ಮೊಣಕೈ ಅರ್ಧ ಮಡಚಿದಾಗ ಅರ್ಧ ಮಗ್ಗಿ, ಕೈ ಪಕ್ಕೆಗೆ ಬಂದಾಗ ಅರ್ಧ ಮಗ್ಗಿ. ಇದು ಒಂದು ಸುತ್ತು. ಎರಡು ಸುತ್ತು ಸಾಕು. ಗೋಡೆ ಕುರ್ಚಿಯಲ್ಲೂ ಹೀಗೇ ಒಂದು ದಿನ ಮೇಲೆ, ಒಂದು ದಿನ ಸ್ವಲ್ಪ ಕೆಳಗೆ ಕೂರಬೇಕು.

3. ಬಾಗಿಲು ತಳ್ಳಾಟ

ಬಾಗಿಲ ಚೌಕಟ್ಟಿನ ನಡುವೆ ನಿಂತು, ಎರಡೂ ಕೈಗಳ ಹಿಂಬದಿಯಿಂದ ಚೌಕಟ್ಟನ್ನು ಹೊರಕ್ಕೆ ಒತ್ತಿ. ಭುಜಕ್ಕೆ ಇದು ಚೆನ್ನಾಗಿ ನಾಟುತ್ತದೆ. ಎರಡು ಮಗ್ಗಿ ಒತ್ತಿ, ಆಮೇಲೆ ಹೊರಗೆ ಬಂದು ಕೈ ಸಡಿಲ ಬಿಡಿ. ಕೈಗಳು ತಾವಾಗಿಯೇ ಮೇಲೇಳುತ್ತವೆ! ಮಕ್ಕಳಿಗೆ ಇದೊಂದು ಆಟ. ಸ್ನಾಯು ಬಿಗಿ ಬಿಟ್ಟ ಮೇಲೂ ನರಗಳಿಂದ ಸ್ವಲ್ಪ ಹೊತ್ತು ಆಜ್ಞೆ ಬರುತ್ತಲೇ ಇರುತ್ತದೆ. ಜರ್ಮನಿಯ ಆಸ್ಕರ್ ಕೋನ್‌ಸ್ಟಾಮ್ ಎಂಬ ವೈದ್ಯರು 1915ರಲ್ಲೇ ಇದನ್ನು ಬರೆದಿಟ್ಟಿದ್ದಾರೆ.

ಎದೆಗಾದರೆ ಅಡುಗೆಮನೆ ಕಟ್ಟೆಗೆ ಕೈ ಊರಿ ದಂಡೆ ಹೊಡೆಯುವ ಹಾಗೆ ಬಗ್ಗಿ, ಅರ್ಧದಲ್ಲೇ ನಿಂತುಬಿಡಿ. ಒಂದು ಮಗ್ಗಿ. ತಲೆಯಿಂದ ಹಿಮ್ಮಡಿವರೆಗೆ ಮೈ ಒಂದೇ ಹಲಗೆಯ ಹಾಗಿರಲಿ.

4. ಪ್ಲ್ಯಾಂಕ್ ಮತ್ತು ಸೇತುವೆ

ಪ್ಲ್ಯಾಂಕ್ ಎಲ್ಲರಿಗೂ ಗೊತ್ತು. ಆದರೆ ಎಷ್ಟು ನಿಮಿಷ ಇರುತ್ತೀರಿ ಅಂತ ಪೈಪೋಟಿ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಹೊತ್ತು ಜಾಸ್ತಿಯಾದ ಹಾಗೆ ಸೊಂಟ ಜೋತುಬೀಳುತ್ತದೆ, ಭಾರವೆಲ್ಲ ಕೆಳಬೆನ್ನಿಗೆ ಹೋಗುತ್ತದೆ. ಬೆನ್ನಿನ ಮೇಲೆ ದೀರ್ಘಕಾಲ ಸಂಶೋಧನೆ ಮಾಡಿದ ಕೆನಡಾದ ಸ್ಟುವರ್ಟ್ ಮೆಕ್‌ಗಿಲ್ ಸೊಂಟದ ವ್ಯಾಯಾಮಗಳಿಗೆ ಹೇಳುವುದು 10 ಸೆಕೆಂಡಿನ ಸಣ್ಣ ಸಣ್ಣ ಹಿಡಿತಗಳನ್ನು. ಮುಂಗೈ ಊರಿ ಮೈ ಎತ್ತಿ. ಹೊಟ್ಟೆಗೆ ಯಾರೋ ಗುದ್ದುತ್ತಾರೆ ಅನ್ನುವ ಹಾಗೆ ಬಿಗಿ ಮಾಡಿ. ಪಿರ್ರೆಯನ್ನೂ ಬಿಗಿ ಹಿಡಿಯಿರಿ. ಅರ್ಧ ಮಗ್ಗಿಗೆ ಇಳಿಯಿರಿ, ನಾಲ್ಕು ಉಸಿರು ಬಿಟ್ಟು ಮತ್ತೆ ಏರಿ. ಹೀಗೆ ಐದು ಸಲ. ಸರಿಯಾಗಿ ಬಿಗಿ ಹಿಡಿದರೆ ಅಷ್ಟರಲ್ಲೇ ಬೆವರು ಬರುತ್ತದೆ.

ಆಮೇಲೆ ಅಂಗಾತ ಮಲಗಿ, ಮಂಡಿ ಮಡಚಿ, ಹಿಮ್ಮಡಿ ಊರಿ ಸೊಂಟ ಎತ್ತಿ. ಒಂದು ಮಗ್ಗಿ, ಎರಡು ಸಲ. ಬೆನ್ನಲ್ಲಿ ಎಳೆತ ಬಂದರೆ ಎತ್ತರ ಕಮ್ಮಿ ಮಾಡಿ.

ವಾರದ ಲೆಕ್ಕ

ಸೋಮವಾರ, ಬುಧವಾರ, ಶುಕ್ರವಾರ ಮಾಡಿ. ಎಲ್ಲ ಸೇರಿ 20ರಿಂದ 25 ನಿಮಿಷ. ನಡುವಿನ ದಿನಗಳಲ್ಲಿ ವಾಕಿಂಗ್ ಹೋಗಿ. ದಮ್ಮು ಹೆಚ್ಚಿಸುವ ಕೆಲಸವನ್ನು ಐಸೋಮೆಟ್ರಿಕ್ ಅಷ್ಟಾಗಿ ಮಾಡುವುದಿಲ್ಲ, ಅದಕ್ಕೆ ನಡಿಗೆಯೇ ಬೇಕು. ಅಮ್ಮನ ಟವಲು ಅದುಮುವ ವ್ಯಾಯಾಮದಂಥ ಹಗುರ ಹಿಡಿತಗಳನ್ನು ಮಾತ್ರ ದಿನಾ ಮಾಡಬಹುದು. ಎದೆ ಹಿಡಿದ ಹಾಗಾದರೆ, ತಲೆ ಸುತ್ತಿದರೆ ತಕ್ಷಣ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಇದರಲ್ಲಿ ಇರುವ ಒಂದು ಕಷ್ಟ ಅಂದರೆ ಬಲ ಹೆಚ್ಚಿದ್ದು ಕಣ್ಣಿಗೆ ಕಾಣದಿರುವುದು. ಡಂಬಲ್ ಆದರೆ 5 ಕಿಲೋ ಹೋಗಿ 7 ಕಿಲೋ ಆಯಿತು ಅಂತ ಗೊತ್ತಾಗುತ್ತದೆ. ಗೋಡೆ ಏನೂ ಹೇಳುವುದಿಲ್ಲ. ಅದಕ್ಕೆ ಪೆನ್ಸಿಲ್ ಇಟ್ಟುಕೊಳ್ಳಿ. ಗೋಡೆ ಕುರ್ಚಿಯಲ್ಲಿ ಕೂತಾಗ ಸೊಂಟ ಎಲ್ಲಿಗೆ ಬರುತ್ತದೋ ಅಲ್ಲಿ ಮನೆಯವರಿಂದ ಒಂದು ಗೆರೆ ಹಾಕಿಸಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಆ ಎತ್ತರದಲ್ಲಿ ಮೂರು ಮಗ್ಗಿ ದನಿ ಅಲುಗದೆ ಹೇಳಲು ಬಂದ ದಿನ, ಗೆರೆಯನ್ನು ಎರಡು ಬೆರಳು ಕೆಳಗಿಳಿಸಿ.

ನಮ್ಮ ನಡುಮನೆಯ ಗೋಡೆಯ ಮೇಲೆ ಈಗ ಆರು ಗೆರೆಗಳಿವೆ. ಮೇಲಿನ ಎರಡು ಅಮ್ಮನವು.