ರೈಫಲ್ಲಿಗೆ ತಕ್ಕ ಕೇಸು: ಫೈರ್ ಫಾರ್ಮಿಂಗ್ ಮತ್ತು ನೆಕ್ ಟರ್ನಿಂಗ್

ಕಾರ್ಖಾನೆಯಲ್ಲಿ ತಯಾರಾದ ಹಿತ್ತಾಳೆ ಕೇಸು, ಅಂದರೆ ಕಾಡತೂಸಿನ ಕವಚ, ಆ ಮಾದರಿಯ ಎಲ್ಲ ರೈಫಲ್‌ಗಳ ಚೇಂಬರಿಗೂ (ನಳಿಗೆಯ ಹಿಂತುದಿಯಲ್ಲಿ ಕಾಡತೂಸು ಕೂರುವ ಕುಳಿ) ಹೊಗಬೇಕಾದ್ದರಿಂದ ತುಸು ಚಿಕ್ಕದಾಗಿಯೇ ಇರುತ್ತದೆ. ಗುಂಡು ಹಾರಿಸಿದಾಗ ಅನಿಲದ ಒತ್ತಡಕ್ಕೆ ಅದು ಹಿಗ್ಗಿ, ಚೇಂಬರಿನ ಗೋಡೆಗೆ ಅಂಟಿಕೊಂಡು, ಆ ಒಂದು ರೈಫಲ್ಲಿನ ಆಕಾರವನ್ನೇ ತಳೆಯುವುದು ಫೈರ್ ಫಾರ್ಮಿಂಗ್; ಕೇಸಿನ ಕುತ್ತಿಗೆಯ, ಅಂದರೆ ಗುಂಡನ್ನು ಹಿಡಿದಿಡುವ ಕಿರಿದಾದ ಮುಂತುದಿಯ, ಗೋಡೆಯನ್ನು ಹೊರಗಿನಿಂದ ಹೆರೆದು ಸುತ್ತಲೂ ಒಂದೇ ದಪ್ಪಕ್ಕೆ ತರುವುದು ನೆಕ್ ಟರ್ನಿಂಗ್. ಕಾಡತೂಸು ತುಂಬಿಕೊಳ್ಳಲು ಕಾನೂನಿನ ಅನುಮತಿ ಇರುವವರಿಗಾಗಿ ಇವುಗಳ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ನಿಮ್ಮ ಚೇಂಬರಿನ ಕುತ್ತಿಗೆಯ ವ್ಯಾಸವನ್ನು ತಿಳಿದುಕೊಳ್ಳಿ, ಏಕೆಂದರೆ ಯಾವ ಕೆಲಸ ಮೊದಲು ಎಂಬುದನ್ನು ನಿರ್ಧರಿಸುವುದು ಅದೇ. ಸಾಮಾನ್ಯ ಚೇಂಬರಾದರೆ ಫೈರ್ ಫಾರ್ಮಿಂಗ್ ಆದ ಮೇಲೆ ಹೆರೆಯಬಹುದು. ಬಿಗಿ ಕುತ್ತಿಗೆಯ ಚೇಂಬರಾದರೆ ಮೊದಲ ಗುಂಡಿಗೂ ಮುನ್ನವೇ ಹೆರೆಯಲೇಬೇಕು. ಕುತ್ತಿಗೆಗೆ ಹಿಗ್ಗಲು ಜಾಗವಿಲ್ಲದಿದ್ದರೆ ಗುಂಡು ಸಡಿಲವಾಗದೆ ಒತ್ತಡ ಅಪಾಯದ ಮಟ್ಟಕ್ಕೇರುತ್ತದೆ. ಉದಾಹರಣೆಗೆ, ರೈಫಲ್ಲನ್ನು ಮೇಜಿನ ಮೇಲಿರಿಸಿ ಗುರಿಯಿಡುವ ಬೆಂಚ್‌ರೆಸ್ಟ್ ಸ್ಪರ್ಧೆಗಳಲ್ಲಿ ಬಳಸುವ 6 ಪಿಪಿಸಿ ಕಾಡತೂಸಿಗೆ 0.262 ಇಂಚು ಕುತ್ತಿಗೆಯ ಚೇಂಬರ್ ಇದೆ ಎಂದುಕೊಳ್ಳಿ. ಗುಂಡಿನ ವ್ಯಾಸ 0.243 ಇಂಚು. ಒಟ್ಟು 0.002 ಇಂಚು ಬಿಡುವು ಉಳಿಯಬೇಕಾದರೆ ಗೋಡೆಯ ದಪ್ಪ 0.0085 ಇಂಚಿಗೆ ಇಳಿಯಬೇಕು. ಈ ಲೆಕ್ಕವನ್ನು ಕಾಗದದ ಮೇಲೆ ಮಾಡದೆ ಉಪಕರಣಕ್ಕೆ ಕೈ ಹಾಕಬೇಡಿ.

ಫೈರ್ ಫಾರ್ಮಿಂಗ್‌ನಲ್ಲಿ ಮುಖ್ಯವಾದದ್ದು, ಕೇಸಿನ ಹಿಂಬದಿ ಬೋಲ್ಟಿನ (ಚೇಂಬರನ್ನು ಹಿಂದಿನಿಂದ ಮುಚ್ಚುವ ಭಾಗ) ಮುಖಕ್ಕೆ ಒತ್ತಿಕೊಂಡಿರುವುದು. ಸಡಿಲವಿದ್ದರೆ ಫೈರಿಂಗ್ ಪಿನ್ನಿನ ಹೊಡೆತಕ್ಕೆ ಕೇಸು ಮುಂದೆ ಸರಿಯುತ್ತದೆ, ಅದರ ಮುಂಭಾಗ ಗೋಡೆಯನ್ನು ಹಿಡಿದುಕೊಳ್ಳುತ್ತದೆ, ಹಿಂಭಾಗ ಎಳೆದುಕೊಂಡು ತಳದ ಹತ್ತಿರ ತೆಳುವಾಗುತ್ತದೆ. ಮುಂದೊಂದು ದಿನ ಕೇಸು ಅಲ್ಲಿಯೇ ತುಂಡಾಗುತ್ತದೆ. ಭುಜವನ್ನು (ಕೇಸಿನ ಒಡಲು ಕುತ್ತಿಗೆಯತ್ತ ಕಿರಿದಾಗುವ ಇಳಿಜಾರು) ಮುಂದಕ್ಕೆ ತಳ್ಳಬೇಕಾದ ಕೇಸುಗಳಲ್ಲಿ ಇದನ್ನು ತಡೆಯಲು ಕುತ್ತಿಗೆಯನ್ನು ಮೊದಲು ದೊಡ್ಡದು ಮಾಡಿ, ಕೇಸಿಗೆ ಆಕಾರ ಕೊಡುವ ಅಚ್ಚಾದ ಡೈಯಲ್ಲಿ ಭಾಗಶಃ ಮಾತ್ರ ಮತ್ತೆ ಕಿರಿದುಗೊಳಿಸುತ್ತಾರೆ. ಆಗ ಉಳಿಯುವ ಹುಸಿ ಭುಜದಿಂದಾಗಿ ಬೋಲ್ಟು ತುಸು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಮದ್ದಿನ ಪ್ರಮಾಣವನ್ನು ಪ್ರಕಟಿತ ಕೋಷ್ಟಕದಿಂದಲೇ ತೆಗೆದುಕೊಳ್ಳಿ, ಊಹೆಯಿಂದಲ್ಲ. ಹಾರಿಸಿದ ಕೇಸಿನೊಳಗೆ ತುದಿ ಬಾಗಿಸಿದ ತಂತಿಯನ್ನಾಡಿಸಿ ನೋಡಿ. ತಳದ ಬಳಿ ಸುತ್ತಲೂ ತಗ್ಗು ತಗುಲಿದರೆ ಆ ಕೇಸನ್ನು ಎಸೆಯಿರಿ.

ಹೆರೆಯುವ ಮುನ್ನ ಕೇಸುಗಳನ್ನೆಲ್ಲ ಒಂದೇ ಉದ್ದಕ್ಕೆ ಕತ್ತರಿಸಿಕೊಳ್ಳಿ. ನಂತರ ಉಪಕರಣದ ಜೊತೆಗೆ ಬರುವ ಎಕ್ಸ್‌ಪ್ಯಾಂಡರಿನಿಂದ ಕುತ್ತಿಗೆಯನ್ನು ಹಿಗ್ಗಿಸಿ, ಒಳಗೆ ಎಣ್ಣೆ ಸವರಿ, ಮ್ಯಾಂಡ್ರೆಲ್ (ಕುತ್ತಿಗೆಯನ್ನು ಒಳಗಿನಿಂದ ಆಧರಿಸುವ ಸರಳು) ಮೇಲೆ ಏರಿಸಿ. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಗುಣಮಟ್ಟ ನಿಂತಿರುವುದು ಈ ಹೊಂದಾಣಿಕೆಯ ಮೇಲೆ: ಸಡಿಲವಾದರೆ ಅಲುಗಿ ದಪ್ಪ ಏರುಪೇರಾಗುತ್ತದೆ, ಬಿಗಿಯಾದರೆ ಹಿತ್ತಾಳೆ ಬಿಸಿಯಾಗಿ ಕಚ್ಚಿಕೊಳ್ಳುತ್ತದೆ. ನಿಧಾನವಾಗಿ, ಒಂದೇ ವೇಗದಲ್ಲಿ ತಿರುಗಿಸಿ; ಹೆಚ್ಚು ತೆಗೆಯಬೇಕಿದ್ದರೆ ಎರಡು ಸುತ್ತಿನಲ್ಲಿ ತೆಗೆಯಿರಿ. ಅಲಗು ಭುಜದ ಆರಂಭವನ್ನು ಕೂದಲೆಳೆಯಷ್ಟು ತಾಕಿ ನಿಲ್ಲಬೇಕು, ಇಲ್ಲವಾದರೆ ಅಲ್ಲಿ ಉಳಿಯುವ ದಪ್ಪ ಭಾಗ ಮುಂದೆ ಒಳಗಡೆ ಉಬ್ಬಿ ಬಳೆಯಂತಾಗುತ್ತದೆ. ಕೇಸು ತಣ್ಣಗಾದ ಮೇಲೆ ಬಾಲ್ ಮೈಕ್ರೋಮೀಟರಿನಿಂದ ಸುತ್ತಲೂ ನಾಲ್ಕು ಕಡೆ ಅಳೆಯಿರಿ. ಸಾಮಾನ್ಯ ಚೇಂಬರಿಗೆ ಉಬ್ಬಿದ ಭಾಗಗಳನ್ನಷ್ಟೇ ತೆಗೆದರೆ ಸಾಕು. ಅಲ್ಲಲ್ಲಿ ಅಲಗು ತಾಗದ ಮಚ್ಚೆ ಉಳಿದರೆ ಚಿಂತೆಯಿಲ್ಲ.

ಕೊನೆಗೆ ಬಾಯಿಯ ಅಂಚಿನ ಚೂರುಗಳನ್ನು ತೆಗೆದು, ಎಣ್ಣೆ ಒರೆಸಿ, ಒಂದು ಕೇಸಿಗೆ ಮದ್ದಿಲ್ಲದೆ ಗುಂಡು ಕೂರಿಸಿ ಕುತ್ತಿಗೆಯ ಹೊರ ವ್ಯಾಸವನ್ನು ಅಳೆಯಿರಿ. ಗೋಡೆ ಈಗ ತೆಳುವಾಗಿರುವುದರಿಂದ ಡೈಯೊಳಗೆ ಕುತ್ತಿಗೆಯನ್ನು ಕಿರಿದುಗೊಳಿಸುವ ಬಳೆಯಾದ ಹಳೆಯ ಬುಷಿಂಗ್ ಗುಂಡನ್ನು ಸಾಕಷ್ಟು ಬಿಗಿಯಾಗಿ ಹಿಡಿಸಲಾರದು. ಈ ಹೊಸ ಅಳತೆಗಿಂತ 0.002 ಇಂಚು ಚಿಕ್ಕದಾದ ಬುಷಿಂಗ್‌ನಿಂದ ಆರಂಭಿಸಿ.