ಸ್ಲಂ ಬೋರ್ಡ್ ಮನೆಗಳಲ್ಲಿ ಬೀಡಿ, ಕುಡಿತ: ನಾವು ಮಾಡಿಕೊಂಡ ಕಟ್ಟಳೆ

ನಮ್ಮದು ಬೆಂಗಳೂರಿನಲ್ಲಿ ಸ್ಲಂ ಬೋರ್ಡ್ ಕಟ್ಟಿಸಿಕೊಟ್ಟ ಬ್ಲಾಕು. ಜಿ ಪ್ಲಸ್ ತ್ರೀ, ಅಂದರೆ ನೆಲಮಹಡಿಯ ಮೇಲೆ ಮೂರು ಮಹಡಿ, 32 ಮನೆ, ಎಲ್ಲರಿಗೂ ಒಂದೇ ಮೆಟ್ಟಿಲು. ನಾನು ಸಂಘದ ಕಾರ್ಯದರ್ಶಿಯಾದ ಮೊದಲ ವಾರವೇ ಎರಡನೇ ಮಹಡಿಯ ತಾಯಿಯೊಬ್ಬರು ಬಂದರು. ಮಗುವಿಗೆ ಉಬ್ಬಸ. ಸಂಜೆ ಮೆಟ್ಟಿಲ ಮೇಲೆ ನಾಲ್ಕು ಜನ ಕೂತು ಬೀಡಿ ಹಚ್ಚಿದರೆ ಹೊಗೆ ನೇರ ಅವರ ಬಾಗಿಲಿಗೆ ಬರುತ್ತಿತ್ತು. ರಾತ್ರಿಯೆಲ್ಲ ಮಗು ಕೆಮ್ಮುತ್ತಿತ್ತು.

ಮೀಟಿಂಗ್ ಕರೆದೆವು. ಕಾಲೇಜು ಓದುವ ಹುಡುಗನೊಬ್ಬ ಅಮೆರಿಕದ ವಿಷಯ ಹೇಳಿದ. ಅಲ್ಲಿ ಸರ್ಕಾರಿ ವಸತಿಗಳಲ್ಲಿ 2018ರ ಜುಲೈ ಕೊನೆಯಿಂದ ಮನೆಯೊಳಗೂ ಸಿಗರೇಟು ಹಚ್ಚುವಂತಿಲ್ಲ, ಕಟ್ಟಡದಿಂದ 25 ಅಡಿ ದೂರ ಹೋಗಬೇಕು. ನಾವೂ ಹಾಗೇ ಮಾಡೋಣ ಅಂದ. ನನಗೂ ಸರಿ ಅನ್ನಿಸಿತ್ತು.

ಆಗ ಮೂರನೇ ಮಹಡಿಯ ಅಜ್ಜಿ ಎದ್ದು ನಿಂತರು. ಅವರೂ ಬೀಡಿ ಸೇದುವವರೇ. "ಎದುರಿನ ಅಪಾರ್ಟ್‌ಮೆಂಟಿನವರು ಬಾಲ್ಕನಿಯಲ್ಲಿ ಕೂತು ಕುಡೀತಾರೆ, ಸೇದ್ತಾರೆ. ಅವರನ್ನ ಯಾರು ಕೇಳ್ತಾರಪ್ಪಾ? ಸರ್ಕಾರ ಕೊಟ್ಟ ಮನೆ ಅಂತ ನಮ್ಮ ಒಳಗೆ ಮಾತ್ರ ಇಣುಕಬೇಕಾ?"

ಆ ಮಾತು ನನ್ನನ್ನು ಬದಲಾಯಿಸಿತು. ಸಬ್ಸಿಡಿ ಸಿಕ್ಕಿದ ಮಾತ್ರಕ್ಕೆ ಬಡವರ ಮನೆಯೊಳಗಿನ ಬದುಕಿಗೆ ನಾವು ಕಾವಲು ಕೂರಬೇಕಿಲ್ಲ. ಆದರೆ ಹೊಗೆ ಒಬ್ಬರ ಮನೆಯಲ್ಲೇ ನಿಲ್ಲುವುದಿಲ್ಲ, ಅಲ್ವಾ? ಕಿಟಕಿ ತೆರೆದಿಟ್ಟರೂ ಪೂರ್ತಿ ಹೋಗುವುದಿಲ್ಲ.

ಹಾಗಾಗಿ ಮೆಟ್ಟಿಲು, ಟೆರೇಸು, ಕಾರಿಡಾರಿನಲ್ಲಿ ಸೇದುವುದೂ ಬೇಡ, ಕುಡಿಯುವುದೂ ಬೇಡ ಎಂದು ತೀರ್ಮಾನಿಸಿದೆವು. ದಂಡ ಇಡಲಿಲ್ಲ. ದಿನಗೂಲಿಯವರ ಹತ್ತಿರ ದಂಡ ಕೇಳಿದರೆ ಜಗಳವೇ ಜಾಸ್ತಿ. ಬದಲಿಗೆ ಕಾಂಪೌಂಡಿನ ಮೂಲೆಯ ಬೇವಿನ ಮರದ ಕೆಳಗೆ ಕಲ್ಲುಬೆಂಚು ಹಾಕಿ, ಮರಳು ತುಂಬಿದ ಡಬ್ಬ ಇಟ್ಟೆವು. ಸೇದುವವರೇ ಜಾಗ ಆರಿಸಿದ್ದರಿಂದ ಬಹಳ ಜನ ಅಲ್ಲಿಗೇ ಹೋಗತೊಡಗಿದರು. ಮನೆಯೊಳಗೆ ಸೇದುವವರಿಗೂ ಮಗುವಿನ ವಿಷಯ ಹೇಳಿ, ಕೆಳಗೇ ಬನ್ನಿ ಎಂದು ಕೇಳಿಕೊಂಡೆವು.

ಕುಡಿತದ ಲೆಕ್ಕ ಬೇರೆ. ಮನೆಯೊಳಗೆ ಯಾರು ಎಷ್ಟು ಕುಡಿಯುತ್ತಾರೆ ಎಂದು ನಾವು ಕೇಳುವುದಿಲ್ಲ. ಹೆಂಡತಿ ಮಕ್ಕಳ ಮೇಲೆ ಕೈ ಮಾಡಿದ ಸದ್ದು ಕೇಳಿದರೆ ಮಾತ್ರ ಪಕ್ಕದ ಮನೆಯವರು ಇಬ್ಬರು ಮೂವರು ಸೇರಿ ಬಾಗಿಲು ತಟ್ಟಬೇಕು. ನಿಲ್ಲದಿದ್ದರೆ 112ಕ್ಕೆ ಫೋನ್ ಮಾಡಬೇಕು. "ಅದು ಅವರ ಮನೆ ವಿಷಯ" ಅನ್ನುವ ಹಾಗಿಲ್ಲ. ಇದನ್ನು ಒಪ್ಪಿಸಲು ಮೂರು ಮೀಟಿಂಗ್ ಬೇಕಾಯಿತು. ಇದುವರೆಗೆ ಎರಡು ಸಲ ಬಾಗಿಲು ತಟ್ಟಿದ್ದೇವೆ. ಎರಡು ಸಲವೂ ಹೆಂಗಸರೇ ಮುಂದಿದ್ದರು.

ಮಳೆ ಬಂದರೆ ಕೆಲವರು ಮತ್ತೆ ಮೆಟ್ಟಿಲಿಗೇ ಬಂದು ಕೂರುತ್ತಾರೆ. ಅದಕ್ಕೆ ಬೆಂಚಿನ ಮೇಲೆ ಶೀಟ್ ಹಾಕಿಸಲು ಈಗ ಮನೆಗೆ 50 ರೂಪಾಯಿಯಂತೆ ಎತ್ತುತ್ತಿದ್ದೇವೆ. ಮೊದಲು ಕೊಟ್ಟವರು ಆ ಮಗುವಿನ ತಾಯಿ.